ಬ್ಯಾಟರಿಯ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು?

ಬೆಳಗಾವಿ ನಗರದಲ್ಲಾಗಲಿ ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಾಗಲಿ ಇಂದು ಬ್ಯಾಟರಿಯಿಲ್ಲದ ಮನೆಯು ಅಪರೂಪವು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲದ ಗಾಳಿಗೆ ಮರವು ತಂತಿಯ ಮೇಲೆ ಬಿದ್ದರೆ, ವಿದ್ಯುತ್ತು ಮರಳಿ ಬರುವ ವರೆಗೆ ಕೈದೀಪವೂ ಮೊಬೈಲೂ ಮನೆಯವರಿಗೆ ಆಧಾರವಾಗಿರುವವು. ನಗರದಲ್ಲಿ ಇನ್ವರ್ಟರು, ವಿದ್ಯುತ್ ಸ್ಕೂಟರು, ಪವರ್ ಬ್ಯಾಂಕು. ಇವೆಲ್ಲವೂ ಪುನಃ ಪುನಃ ಚಾರ್ಜು ಮಾಡಿ ಉಪಯೋಗಿಸತಕ್ಕ ಬ್ಯಾಟರಿಗಳಿಂದ ನಡೆಯುವಂಥವು. ಇವುಗಳನ್ನು ಕೊಳ್ಳುವದಕ್ಕೂ ಕಾಪಾಡುವದಕ್ಕೂ ಬೇಕಾದ ತಿಳುವಳಿಕೆಯನ್ನು ನಮ್ಮ ಜನರು ಈಗ ಬಹುಮಟ್ಟಿಗೆ ಅಂತರ್ಜಾಲದಿಂದಲೇ ಪಡೆಯುತ್ತಿರುವರು. ಆ ತಿಳುವಳಿಕೆಯನ್ನು ತೂಗಿ ನೋಡುವ ವಿದ್ಯೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವದು ಶಾಲೆಯ ಮತ್ತು ಮನೆಯ ಕರ್ತವ್ಯವೆಂಬುದೇ ನಮ್ಮ ಅಭಿಪ್ರಾಯವು.

ಒಂದು ಉದಾಹರಣೆಯನ್ನು ನೋಡೋಣ. ಬ್ಯಾಟರಿಯನ್ನು ಆಗಾಗ ಪೂರ್ತಿಯಾಗಿ ಬರಿದುಮಾಡಿ ಅನಂತರವೇ ತುಂಬಬೇಕೆಂಬ ಉಪದೇಶವು ಎಲ್ಲೆಲ್ಲಿಯೂ ಹರಿದಾಡುತ್ತಿರುವದು. ಇದು ಹುಟ್ಟುಸುಳ್ಳಲ್ಲ. ಸ್ವೀಡನ್ ದೇಶದ ಯೂಂಗ್ನರನು 1899ರಲ್ಲಿ ನಿರ್ಮಿಸಿದ ನಿಕಲ್-ಕ್ಯಾಡ್ಮಿಯಮ್ ಬಗೆಯ ಬ್ಯಾಟರಿಗೆ ಈ ಮಾತು ಕೆಲಮಟ್ಟಿಗೆ ಸಲ್ಲುವದು. ಆದರೆ ಫ್ರಾನ್ಸಿನ ಪ್ಲಾಂಟೆಯು 1859ರಲ್ಲಿ ಕಂಡುಹಿಡಿದ ಸೀಸ ಮತ್ತು ಆಮ್ಲದ ಬ್ಯಾಟರಿಯು, ಅಂದರೆ ಸಾಮಾನ್ಯವಾಗಿ ನಮ್ಮ ಇನ್ವರ್ಟರಿಗೆ ಜೋಡಿಸುವಂಥದು, ಬರಿದಾಗಿ ಬಿದ್ದಿದ್ದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಗೊಂಡು ಬೇಗನೆ ಕೆಡುವದು. 1991ರಲ್ಲಿ ಪೇಟೆಗೆ ಬಂದ ಲಿಥಿಯಮ್-ಅಯಾನ್ ಬ್ಯಾಟರಿಯು ಮೊಬೈಲಿನಲ್ಲಿರುವಂಥದು. ಪದೇ ಪದೇ ಪೂರ್ತಿ ಬರಿದುಮಾಡಿದರೆ ಅದರ ಆಯುಷ್ಯವೂ ಕುಗ್ಗುವದು. ಒಂದಕ್ಕೆ ಔಷಧವಾದದ್ದು ಉಳಿದೆರಡಕ್ಕೆ ಹಾನಿಕರವಾಯಿತು. ಆದಕಾರಣ ಮಾತು ನಿಜವೋ ಸುಳ್ಳೋ ಎಂದು ಕೇಳುವ ಮೊದಲು, ಅದು ಯಾವ ಬಗೆಯ ಬ್ಯಾಟರಿಯನ್ನು ಕುರಿತದ್ದೆಂದು ಕೇಳತಕ್ಕದ್ದು. ಬಗೆಯ ಹೆಸರನ್ನೇ ಹೇಳದ ಉಪದೇಶವನ್ನು ಬದಿಗಿಡುವದೇ ಲೇಸು.

ಎರಡನೆಯದಾಗಿ, ಹೇಳುವ ಬಾಯಿಗಳನ್ನು ಎಣಿಸಬಾರದು, ಮೂಲವನ್ನು ಹುಡುಕಬೇಕು. ನಮ್ಮ ಸೀಮೆಯಲ್ಲಿ ಒಂದೇ ಸುದ್ದಿಯು ಕನ್ನಡದಲ್ಲಿ ನೆರೆಯವರಿಂದಲೂ, ಮರಾಠಿಯಲ್ಲಿ ಗೆಳತಿಯರಿಂದಲೂ, ಇಂಗ್ಲಿಷಿನಲ್ಲಿ ಪರಊರಿನಲ್ಲಿರುವ ಮಕ್ಕಳಿಂದಲೂ ಬಂದು ಮುಟ್ಟುವದುಂಟು. ಮೂವರು ಸಾಕ್ಷಿಗಳು ದೊರೆತರೆಂದು ನಾವು ಭಾವಿಸುವೆವು. ಮೂವರೂ ಒಬ್ಬನೇ ಬರೆದದ್ದನ್ನು ಓದಿದವರಾಗಿರಬಹುದು. ಬರೆದವನು ಯಾರು, ಯಾವ ವರ್ಷದಲ್ಲಿ ಬರೆದನು, ಬ್ಯಾಟರಿಯು ಮಾರಾಟವಾದರೆ ಅವನಿಗೆ ಲಾಭವುಂಟೋ ಎಂದು ವಿಚಾರಿಸಬೇಕು. ವರ್ಷವನ್ನು ಕೇಳುವದೇಕೆಂದರೆ, 2022ರಲ್ಲಿ ನಮ್ಮ ದೇಶದ ಕೆಲವು ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರಕಾರವು ಬ್ಯಾಟರಿಗಳ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿತು. ಅದಕ್ಕೂ ಮೊದಲು ಬರೆದ ಲೇಖನವು, ಹೊಗಳಿಕೆಯಾಗಲಿ ಹೆದರಿಕೆಯಾಗಲಿ, ಇಂದಿನ ಗಾಡಿಗೆ ಸರಿಯಾದ ಸಾಕ್ಷಿಯಾಗಲಾರದು.

ಮೂರನೆಯದು ಅಳತೆ. ಕೈದೀಪಗಳಲ್ಲಿ ಹಾಕುವ, 18 ಮಿಲಿಮೀಟರು ದಪ್ಪ ಮತ್ತು 65 ಮಿಲಿಮೀಟರು ಉದ್ದದ ಲಿಥಿಯಮ್ ಸೆಲ್ಲುಗಳು ಕೆಲವೆಡೆ 9900 ಮಿಲಿಆಂಪಿಯರ್-ಅವರ್ ಎಂಬ ಮುದ್ರೆಯೊಡನೆ ಅಗ್ಗವಾಗಿ ಮಾರಲ್ಪಡುವವು. ಆ ಗಾತ್ರದ ಉತ್ತಮ ಸೆಲ್ಲುಗಳಾದರೂ ಸುಮಾರು 3500ರಿಂದ 4000ದೊಳಗೆ ನಿಲ್ಲುವವು. ಪ್ರಾಮಾಣಿಕವಾದ ಸೆಲ್ಲು ಸುಮಾರು 45ರಿಂದ 50 ಗ್ರಾಮು ತೂಗುವದು. ಟೊಳ್ಳಾದದ್ದು ಎಷ್ಟೋ ಹಗುರವಾಗಿರುವದು. ಪ್ರಯೋಗಶಾಲೆಯ ತಕ್ಕಡಿಯು ಇಲ್ಲಿ ಸಾವಿರ ಹೊಗಳಿಕೆಗಳಿಗಿಂತ ಹೆಚ್ಚಿನ ಸಾಕ್ಷಿಯು. ಹಾಗೆಯೇ 10000 ಎಂದು ಬರೆದ ಪವರ್ ಬ್ಯಾಂಕು ಅಷ್ಟನ್ನು ಕೊಡುವದಿಲ್ಲವಾದ್ದರಿಂದ ಮಾರುವವರೆಲ್ಲರೂ ಮೋಸಗಾರರೆಂಬ ದೂರನ್ನೂ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಆ ಅಂಕಿಯು 3.7 ವೋಲ್ಟಿನ ಲೆಕ್ಕದ್ದು. 5 ವೋಲ್ಟಿನಲ್ಲಿ ಅದು 7400 ಆಗುವದು, ನಡುವೆ ಸ್ವಲ್ಪ ನಷ್ಟವೂ ಉಂಟು. ಗಣಿತವು ಮೋಸವನ್ನು ಬಯಲಿಗೆಳೆಯುವಂತೆಯೇ ನಿರಪರಾಧಿಯನ್ನು ಕಾಪಾಡುವದು ಸಹ.

ಇದು ಹಣದ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆಯು. ಇನ್ವರ್ಟರಿನ ಬ್ಯಾಟರಿಯಲ್ಲಿ ನೀರು ಇಳಿದಾಗ ಆಮ್ಲವನ್ನು ಸುರಿಯಿರೆಂಬ ತಪ್ಪು ಸಲಹೆಯನ್ನು ಕೊಡುವವರುಂಟು. ನೀರು ಹಾಕತಕ್ಕ ಬಗೆಯದಾದರೆ ಅದಕ್ಕೆ ಶುದ್ಧವಾದ ಭಟ್ಟಿನೀರನ್ನು ಮಾತ್ರ ಹಾಕಬೇಕು. ಚಾರ್ಜಾಗುವಾಗ ಅದರಿಂದ ಹೊರಡುವ ಜಲಜನಕವು ಉರಿಯುವ ಅನಿಲವಾದದ್ದರಿಂದ ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರ ಇಡಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತುವದಾಗಲಿ ಚುಚ್ಚುವದಾಗಲಿ ಸರ್ವಥಾ ಕೂಡದು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆಯು ಬ್ಯಾಟರಿಯ ಮೇಲಿದ್ದರೆ, ಮುದ್ರೆಯನ್ನು ನೋಡಿ ತೃಪ್ತರಾಗದೆ ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಮೊಬೈಲ್ ಸಾಧನದಲ್ಲಿ ಆ ಸಂಖ್ಯೆಯನ್ನು ಹಾಕಿ, ತಯಾರಕರ ಹೆಸರು ತಾಳೆಯಾಗುವದೋ ಎಂದು ನೋಡಬೇಕು. ಅಂತರ್ಜಾಲವು ಸುಳ್ಳನ್ನು ತರುವಂತೆ ಸುಳ್ಳನ್ನು ಪರೀಕ್ಷಿಸುವ ಉಪಾಯವನ್ನೂ ತರುವದು.

ಇಷ್ಟೆಲ್ಲ ಗೊಂದಲವೇಕೆ, ಹೆಣ್ಣುಮಕ್ಕಳ ಕೈಗೆ ಮೊಬೈಲನ್ನೇ ಕೊಡದಿದ್ದರಾಯಿತು, ಬ್ಯಾಟರಿಯ ಮಾತು ಗಂಡಸರಿಗೂ ಅಂಗಡಿಯವರಿಗೂ ಬಿಟ್ಟದ್ದು ಎಂದು ಹೇಳುವ ಪಾಲಕರಿರುವರು. ಅವರ ಕಳವಳವನ್ನು ನಾವು ಅರಿಯೆವೆಂದಲ್ಲ. ಆದರೆ ಇನ್ವರ್ಟರಿನ ಬಳಿ ಹಗಲೆಲ್ಲ ಇರುವವಳೂ, ಮಗುವಿನ ಕೈಯಿಂದ ಉಬ್ಬಿದ ಮೊಬೈಲನ್ನು ಕಸಿದುಕೊಳ್ಳತಕ್ಕವಳೂ ಹೆಚ್ಚಾಗಿ ಗೃಹಿಣಿಯೇ. ಅವಳು ತಿಳಿಯದೆ ಇರುವದರಿಂದ ಯಾರಿಗೆ ಕ್ಷೇಮ? ಅಪೊಸ್ತಲನಾದ ಪೌಲನ ಬೋಧನೆಯನ್ನು ಸಹ ಬೆರೋಯದ ಜನರು ದಿನಾಲೂ ಶಾಸ್ತ್ರಗಳೊಡನೆ ಹೋಲಿಸಿ ನೋಡಿದರು. ಅದಕ್ಕಾಗಿ ಅವರು ನಿಂದೆಗಲ್ಲ, ಮೆಚ್ಚಿಕೆಗೇ ಪಾತ್ರರಾದರು. ಪರೀಕ್ಷಿಸುವದು ಅವಿನಯವಲ್ಲ.

ಆದುದರಿಂದ ವಿಜ್ಞಾನದ ಪಾಠದಲ್ಲಿ ಇಂಥ ಒಂದೊಂದು ಸಲಹೆಯನ್ನು ಹುಡುಗಿಯರ ಮುಂದಿಟ್ಟು, ಬಗೆ, ಮೂಲ, ವರ್ಷ, ಅಳತೆ ಎಂಬ ನಾಲ್ಕು ಪ್ರಶ್ನೆಗಳಿಂದ ಶೋಧಿಸುವ ಅಭ್ಯಾಸವನ್ನು ಮಾಡಿಸಬೇಕೆಂದು ನಾವು ಸೂಚಿಸುತ್ತೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಶಾಸ್ತ್ರವನ್ನು ಬಲ್ಲವರು ವರ್ಷಕ್ಕೊಂದು ಸಾರಿ ಬಂದು ಮಕ್ಕಳೊಡನೆ ತಕ್ಕಡಿಯನ್ನು ಹಿಡಿದರೆ ಮಹದುಪಕಾರವಾಗುವದು. ಪಾಲಕರಾದರೋ, ಮುಂದಿನ ಸಾರಿ ಬ್ಯಾಟರಿಯನ್ನು ಕೊಳ್ಳುವ ಮೊದಲು ಮನೆಯ ಮಗಳ ಅಭಿಪ್ರಾಯವನ್ನೂ ಕೇಳಬೇಕೆಂದು ವಿನಂತಿಸುತ್ತೇವೆ.