ಹಸುವಿನ ಜೋಳಕ್ಕೆ ಹೊಲದ ಔಷಧಿ ಬೇಡ



ಇತ್ತೀಚೆಗೆ ಬರಡು ರಾಸುಗಳ ಶಿಬಿರದಲ್ಲಿ ಒಬ್ಬ ಅಕ್ಕ ಸೆರಗಿನ ಮರೆಯಿಂದ ಒಂದು ಬಾಟಲಿ ತೆಗೆದು ಕೇಳಿದರು: "ಡಾಕ್ಟ್ರೇ, ಇದು ವಿಷ ಅಲ್ವಂತೆ, ಹುಳ ಬೆಳೆಯೋದನ್ನ ಮಾತ್ರ ತಡೆಯುತ್ತಂತೆ. ಹಸುಗೆ ಇಟ್ಟಿರೋ ಮುಸುಕಿನ ಜೋಳಕ್ಕೆ ಬೆರೆಸ್ಲಾ?" ಲೇಬಲ್ ಓದಿದೆ. ಬೆಳೆಗೆ ಸಿಂಪಡಿಸುವ ನೊವಾಲುರಾನ್. ಕೂಡಿಟ್ಟ ಕಾಳಿನ ಮಾತೇ ಅದರಲ್ಲಿರಲಿಲ್ಲ. "ಬೇಡಮ್ಮ" ಎಂದೆ. ಏಕೆ ಬೇಡ ಎನ್ನುವುದನ್ನು ನಿಮಗೂ ಹೇಳಬೇಕು.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹುಳದ ಮರಿ ದೊಡ್ಡದಾಗಬೇಕಾದರೆ ಹಾವಿನ ಹಾಗೆ ಪೊರೆ ಕಳಚಬೇಕು. ಈ ಜಾತಿಯ ಔಷಧಿಗಳು ಹೊಸ ಪೊರೆ ಕಟ್ಟಲು ಬಿಡುವುದಿಲ್ಲ, ಇಲ್ಲವೇ ಮರಿಯನ್ನು ದೊಡ್ಡ ಹುಳವಾಗಲು ಬಿಡುವುದಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳ ದೊಡ್ಡ ಉಗ್ರಾಣಗಳಲ್ಲಿ ಮೆಥೊಪ್ರೀನ್ ಎಂಬ ಇಂಥದ್ದೇ ಔಷಧಿಯನ್ನು ಅಳತೆ ಮಾಡಿ ಕಾಳಿಗೆ ಸಿಂಪಡಿಸುತ್ತಾರೆ. ಅದು ಕಾಳಿಗೆಂದೇ ಒಪ್ಪಿಗೆ ಪಡೆದ ಔಷಧಿ. ನಮ್ಮ ಅಂಗಡಿಯ ಬಾಟಲಿ ಹೊಲದ ಬೆಳೆಗೆಂದು ಬಂದದ್ದು. ಎರಡೂ ಒಂದೇ ಅಲ್ಲ.

ಬೆರೆಸಿದರೆ ಲಾಭವೂ ಕಡಿಮೆ. ಈಗಾಗಲೇ ಓಡಾಡುತ್ತಿರುವ ದೊಡ್ಡ ಹುಳ ಇದರಿಂದ ಸಾಮಾನ್ಯವಾಗಿ ಸಾಯುವುದಿಲ್ಲ. ಜೋಳಕ್ಕೆ ಬೀಳುವ ಸೊಂಡಿಲು ಹುಳವಂತೂ ಕಾಳನ್ನು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ಮರಿ ಬೆಳೆಯುವುದೂ ಕಾಳಿನೊಳಗೇ. ಮೇಲೆ ಹಚ್ಚಿದ್ದು ಅದಕ್ಕೆ ಸರಿಯಾಗಿ ತಾಗುವುದಿಲ್ಲ.

ನಷ್ಟ ಮಾತ್ರ ನೇರ ಹಾಲಿಗೆ. ನೊವಾಲುರಾನ್ ಕೊಬ್ಬಿನಲ್ಲಿ ಕರಗುತ್ತದೆ. ಹಸು ತಿಂದದ್ದು ಅದರ ಮೈಕೊಬ್ಬಿಗೂ ಸೇರುತ್ತದೆ, ಹಾಲಿನ ಫ್ಯಾಟಿಗೂ ಸೇರುತ್ತದೆ. ಡೇರಿಯಲ್ಲಿ ನಿಮಗೆ ದರ ಸಿಗುವುದು ಆ ಫ್ಯಾಟ್ ನೋಡಿಯೇ. ಮನೆಯ ಮಕ್ಕಳು ಕುಡಿಯುವುದೂ ಅದೇ ಹಾಲು.

ಹಾಗೆಂದು ಕಾಳಿಗಿಡುವ ಮಾತ್ರೆಗೂ ಕೈ ಹಾಕಬೇಡಿ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತೇವ ತಾಗಿದರೆ ವಿಷಗಾಳಿ ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಮನೆಯವರು ತಾವಾಗಿ ಬಳಸಲು ಕಾನೂನೂ ಒಪ್ಪುವುದಿಲ್ಲ. ಮಲಗುವ ಕೋಣೆಯಲ್ಲೇ ಚೀಲ ಪೇರಿಸುವ ನಮ್ಮ ಮನೆಗಳಲ್ಲಂತೂ ಅದು ಇರಲೇಬಾರದು.

"ಹುಳ ಬಿದ್ದರೆ ಬೀಳಲಿ, ದನಕ್ಕೆ ತಾನೇ" ಎನ್ನುವವರೂ ಇದ್ದಾರೆ. ಹುಳ ಹೆಚ್ಚಿದ ಕಾಳು ಬಿಸಿಯಾಗಿ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಹಸುವಿನ ಈಲಿ ಕೆಡಿಸುತ್ತದೆ, ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಬೂಷ್ಟು ಹಿಡಿದ ಜೋಳವನ್ನು ತೊಳೆದು, ಒಣಗಿಸಿ ಹಾಕುವುದೂ ಬೇಡ.

ಹಾಗಾದರೆ ಮಾಡುವುದೇನು? ಹುಳದ ಸಂತಾನ ಬೆಳೆಯದಂತೆ ತಡೆಯುವ ಕೆಲಸವನ್ನು ಔಷಧಿಯಿಲ್ಲದೆಯೂ ಮಾಡಬಹುದು. ಕಾಳು ಮನೆಗೆ ಬಂದ ದಿನವೇ ಶುರು ಮಾಡಬೇಕು, ಅಷ್ಟೇ. ಟಾರ್ಪಾಲಿನ ಮೇಲೆ ಚೆನ್ನಾಗಿ ಒಣಗಿಸಿ. ತೇವಾಂಶ ಶೇ. 12ಕ್ಕೆ ಇಳಿಯಬೇಕು. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಜೋಳ, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಹಸಿ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ತೋರಿಸಿ, ಆರಿಸಿ. ನಂತರ ಗಾಳಿಯಾಡದ ಚೀಲಕ್ಕೋ ಬಿಗಿ ಮುಚ್ಚಳದ ಡ್ರಮ್ಮಿಗೋ ಬಾಯಿಮಟ್ಟ ತುಂಬಿ ಮುಚ್ಚಿ. ಒಳಗಿನ ಹುಳ, ಕಾಳಿನೊಳಗಿನ ಮರಿ ಎಲ್ಲವೂ ಉಸಿರಿಲ್ಲದೆ ಸಾಯುತ್ತವೆ. ದಿನಾ ಬಾಯಿ ಬಿಚ್ಚಿದರೆ ಫಲವಿಲ್ಲ. ದಿನದ ಬಳಕೆಗೆ ಬೇರೆ ಡಬ್ಬ ಇಟ್ಟುಕೊಳ್ಳಿ. ಹಳೆಯ ಚೀಲದ ಉಳಿಕೆಯನ್ನು ಹೊಸ ಕಾಳಿಗೆ ಸುರಿಯಬೇಡಿ.

ಇದರಲ್ಲಿ ನಮ್ಮ ಪಾಲೂ ಇದೆ. ಹಾಲಿನ ಫ್ಯಾಟ್ ಅಳೆಯುವ ಯಂತ್ರ ಸಂಘದಲ್ಲಿದೆ, ಕಾಳಿನ ತೇವಾಂಶ ಅಳೆಯುವ ಸಣ್ಣ ಮಾಪಕ ಏಕಿರಬಾರದು? ಪಶು ಆಹಾರದ ಜೊತೆಗೆ ಗಾಳಿಯಾಡದ ಚೀಲವೂ ಸಂಘದಲ್ಲೇ ಸಿಗಬೇಕು ಎನ್ನುವುದು ನನ್ನ ಅಭಿಪ್ರಾಯ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನೀವೇ ಎದ್ದು ಕೇಳಿ.

ಆ ಅಕ್ಕ ಬಾಟಲಿಯನ್ನು ಅಂಗಡಿಗೆ ವಾಪಸು ಕೊಟ್ಟು, ಆ ದುಡ್ಡಿಗೆ ಟಾರ್ಪಾಲು ತಂದರು. ನಿಮ್ಮ ಅಟ್ಟದ ಮೇಲೂ ಅಂಥ ಬಾಟಲಿ ಇದ್ದರೆ, ಕಾಳಿಗೆ ಸುರಿಯುವ ಮುನ್ನ ನಮ್ಮನ್ನೊಮ್ಮೆ ಕೇಳಿ.