ಹುಲ್ಲಿನ ಪಂಡಿತರೇ, ಗಾಯರಾಣಕ್ಕ ಬರ್ರಿ

ಝಾನ್ಸಿಯಲ್ಲಿ ಹುಲ್ಲುಗಾವಲು ವಿಜ್ಞಾನಿಗಳ ಸಂಘವೊಂದಿದೆ: ರೇಂಜ್ ಮ್ಯಾನೇಜ್‌ಮೆಂಟ್ ಸೊಸೈಟಿ ಆಫ್ ಇಂಡಿಯಾ. ಅದರ ಪತ್ರಿಕೆ ಇಂಗ್ಲಿಷಿನದು. ಸೇಡಂ, ಚಿತ್ತಾಪುರ, ಚಿಂಚೋಳಿಯ ದನಗಾಹಿ ಅದನ್ನ ಓದೋದು ಹೆಂಗ?

ವಿಜ್ಞಾನ ಬ್ಯಾಡ ಅನ್ನೋರು ನಾವಲ್ಲ. ಅದು ಯಾರ ಪರ ಅಂತ ಕೇಳೋರು ನಾವು. ಹುಲ್ಲು ಹಾಳಾದರೆ ಮೊದಲ ಆರೋಪ ಬಡವರ ಆಡಿನ ಮ್ಯಾಲೆ. ವಾಡಿ, ಶಹಾಬಾದಿನ ನೆಲ ಬಗೆದು ಸುಣ್ಣಕಲ್ಲು, ಫರಸಿ ಒಯ್ದರಲ್ಲ, ಆ ಗುಂಡಿಗಳನ್ನ ಯಾವ ಆಡು ಮೇಯ್ತು?

ನೂರು ದನಕ್ಕೆ 12 ಹೆಕ್ಟೇರ್ ಗಾಯರಾಣ ಇರಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು, 1966 ಹೇಳುತ್ತವೆ. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರ ಸಾಮೂಹಿಕ ಭೂಮಿಯ ಒತ್ತುವರಿ ಬಿಡಿಸಿರೆಂದಿತು. ಭೂಹೀನರಿಗೆ, ದಲಿತರಿಗೆ ಸರಕಾರ ಕೊಟ್ಟ ಗುತ್ತಿಗೆಗೆ ವಿನಾಯಿತಿಯನ್ನೂ ಇಟ್ಟಿತು. ತೆರವಿನ ನೆಪದಾಗ ಕೇರಿಯವರ ತುಂಡು ಹೊಲ ಕಸಿಯೋದು ನ್ಯಾಯ ಅಲ್ಲ. ದನ ಕಾಯೋರನ್ನ, ಹೊಲ ಉಳೋರನ್ನ ಜಗಳಕ್ಕ ಹಚ್ಚೋದೂ ನ್ಯಾಯ ಅಲ್ಲ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಸಂಘದವರು ಗೋಷ್ಠಿ ಬಿಟ್ಟು ಇಳಿದು ಬರಲಿ. ನಕಾಶೆ ಹಿಡಿದು ಊರವರ ಜೋಡಿ ಗಾಯರಾಣ ಅಳೀಲಿ. ಎಷ್ಟು ದನ, ಎಷ್ಟು ಹುಲ್ಲು, ನೆಲ ಎಲ್ಲಿ ಹೋಯ್ತು ಅಂತ ಕನ್ನಡದಾಗ ಬರೆದು ಸಹಿ ಹಾಕಲಿ. ಆ ಕಾಗದ ಹಿಡಿದು ತಹಸೀಲ್ ಕಚೇರಿಗೆ ನಾವು ಹೋಗ್ತೀವಿ.