ಮನೆ ನೋಡಲು ಬಂದವರು

ಹೋದ ವರ್ಷ ನಮ್ಮ ಗುಂಡ್ಲುಪೇಟೆಯ ಮನೆ ಮಾರಿದೆವು. ನಮ್ಮಪ್ಪ ಕಟ್ಟಿಸಿದ ಹೆಂಚಿನ ಮನೆ ಅದು. ಮಗ, ಸೊಸೆ ಇಬ್ಬರ ಕೆಲಸವೂ ಚಾಮರಾಜನಗರದಲ್ಲಿ. ದಿನಾ ತೆರಕಣಾಂಬಿ ದಾರಿಯ ಬಸ್ಸು ಹತ್ತಿ ಹೋಗಿ ಬಂದು ಇಬ್ಬರೂ ಸೋತಿದ್ದರು. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿಸುವ ತ್ರಾಣ ನನಗೂ ಉಳಿದಿರಲಿಲ್ಲ. ದೊಡ್ಡವರೆಲ್ಲ ಕೂತು, ಮಾರಿಬಿಡೋಣ ಎಂದು ತೀರ್ಮಾನ ಮಾಡಿದೆವು. ಆರನೇ ಕ್ಲಾಸಿನ ಮೊಮ್ಮಗಳಿಗೂ ಎರಡನೇ ಕ್ಲಾಸಿನ ಮೊಮ್ಮಗನಿಗೂ ಹೇಳಲಿಲ್ಲ. ಚಿಕ್ಕವು, ಅವಕ್ಕೇನು ಗೊತ್ತಾಗುತ್ತದೆ ಎಂದುಕೊಂಡೆವು. ನಮ್ಮ ಮೊದಲ ತಪ್ಪು ಅದೇ.

ಬ್ರೋಕರ್ ಬಂದು ಮನೆಯೆಲ್ಲ ಸುತ್ತಿ ನೋಡಿದ. "ಮಕ್ಳಿರೋ ಮನೆ ಅಂತ ಗೊತ್ತಾಗಬಾರ್ದು ಸಾರ್. ಗೋಡೆ ಮೇಲಿನ ಗೀಚು, ದಾರಂದದ ಮೇಲಿನ ಗೆರೆ ಎಲ್ಲಾ ಹೋಗ್ಬೇಕು. ಆಗ ರೇಟು ಬತ್ತದೆ" ಎಂದ.

ಆ ಗೆರೆಗಳ ವಿಷಯ ಹೇಳಬೇಕು. ನಡುಮನೆಯ ದಾರಂದಕ್ಕೆ ಮಕ್ಕಳನ್ನು ನಿಲ್ಲಿಸಿ, ತಲೆಯ ಮೇಲೆ ಸ್ಕೇಲ್ ಇಟ್ಟು, ಪ್ರತಿ ಯುಗಾದಿಗೆ ಒಂದು ಗೆರೆ ಎಳೆಯುವುದು ನಮ್ಮ ಮನೆಯ ರೂಢಿ. ಕೆಳಗಿನ ಹಳೆಯ ಗೆರೆಗಳು ನನ್ನ ಮಗನವು. ಅವುಗಳ ಪಕ್ಕದಲ್ಲೇ ಅವನ ಮಕ್ಕಳ ಗೆರೆಗಳು.

ಮೊದಲ ಸಲ ಮನೆ ನೋಡಲು ಬಂದವರು ಹೇಳದೆ ಕೇಳದೆ ಬಂದರು. ಹಜಾರದ ತುಂಬ ಪುಸ್ತಕ, ಸ್ಲಿಪ್ಪರು, ಅರ್ಧ ಕಟ್ಟಿದ ಗಾಳಿಪಟ. ಅವರಲ್ಲಿ ಹಿರಿಯರೊಬ್ಬರು ಗೋಲಿಯ ಮೇಲೆ ಕಾಲಿಟ್ಟು ಜಾರಿದರು. ಪುಣ್ಯಕ್ಕೆ ಬೀಳಲಿಲ್ಲ. ಎರಡನೇ ಸಲ ನಾವು ಜಾಣರಾದೆವು. ಆಟದ ಸಾಮಾನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ, ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದೆವು. ಮನೆ ಛತ್ರದ ಹಾಗೆ ಕಾಣುತ್ತಿತ್ತು. ಬಂದವರು ನೋಡಿ ಹೋದರು.

ಸಂಜೆ ಮೊಮ್ಮಗ ಜಗಲಿಯ ಮೇಲೆ ನನ್ನ ಪಕ್ಕ ಬಂದು ಕೂತ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದ: "ತಾತ, ನಾನು ಗೋಡೆ ಮೇಲೆ ಬರ್ದಿದ್ದಕ್ಕಾ ಮನೆ ಮಾರ್ತಿರೋದು?"

ನನಗೆ ಎದೆ ಹಿಂಡಿದಂತಾಯಿತು. ಆ ಮಗು ಎಷ್ಟು ದಿನದಿಂದ ಈ ಭಾರ ಹೊತ್ತು ತಿರುಗುತ್ತಿತ್ತೋ! ಅಜ್ಜ ಅಜ್ಜಿಯರೇ, ನಾವು ಹೇಳದೆ ಬಿಟ್ಟರೆ ಮಕ್ಕಳು ಸುಮ್ಮನಿರುವುದಿಲ್ಲ. ತಮಗೆ ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತವೆ. ಎಷ್ಟೋ ಸಲ ಆ ಕಾರಣದಲ್ಲಿ ತಪ್ಪು ಅವರದೇ ಆಗಿರುತ್ತದೆ.

ಅವತ್ತು ರಾತ್ರಿ ಊಟ ಆದಮೇಲೆ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆವು. ಯಾಕೆ ಮಾರುತ್ತಿದ್ದೇವೆ, ಎಲ್ಲಿಗೆ ಹೋಗುತ್ತೇವೆ, ಯಾವ ಸ್ಕೂಲು, ಅಜ್ಜಿ ತಾತ ಜೊತೆಗೇ ಬರುತ್ತಾರೆ ಎಂಬುದು. ಮೊಮ್ಮಗಳು ಅತ್ತಳು. ಅಳಲಿ ಎಂದು ಬಿಟ್ಟೆವು.

ಮುಂದಿನ ಭಾನುವಾರ ಎಲ್ಲರೂ ಚಾಮರಾಜನಗರಕ್ಕೆ ಹೋಗಿ ಹೊಸ ಮನೆ ನೋಡಿ, ಚಾಮರಾಜೇಶ್ವರನ ಗುಡಿಗೂ ಹೋಗಿಬಂದೆವು. ಆ ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು 1818ರಲ್ಲಿ ಅದಕ್ಕೆ ತಂದೆಯ ಹೆಸರಿಟ್ಟರು. 1826ರಲ್ಲಿ ಗುಡಿಯನ್ನೂ ಕಟ್ಟಿಸಿದರು. ಇದನ್ನು ಹೇಳಿದಾಗ ಮೊಮ್ಮಗಳು, "ಹಂಗಾದ್ರೆ ಹೆಸರು ಬದಲಾದ್ರೂ ಊರು ಅದೇನಾ?" ಎಂದಳು. "ಊರೂ ಅದೇ, ಜನಾನೂ ಅವರೇ ಕಣವ್ವ" ಎಂದೆ. ಮನೆ ಬದಲಾದರೂ ನಾವು ನಾವೇ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆಮೇಲೆ ಮನೆ ಅಣಿಮಾಡುವ ಕೆಲಸದಲ್ಲಿ ಮಕ್ಕಳೂ ಸೇರಿಕೊಂಡರು. ಇಬ್ಬರಿಗೂ ಒಂದೊಂದು ಮಂಕರಿ ಕೊಟ್ಟೆವು. ಬ್ರೋಕರ್ ಫೋನು ಬಂದ ಕೂಡಲೇ ನೆಲದ ಮೇಲೆ ಇರುವುದೆಲ್ಲ ಮಂಕರಿಗೆ, ಮಂಕರಿ ಮಂಚದ ಕೆಳಗೆ. ಐದೇ ನಿಮಿಷದ ಆಟ. ಆದರೆ ಒಬ್ಬೊಬ್ಬರಿಗೂ ಪ್ರಿಯವಾದ ಒಂದು ಸಾಮಾನು ಇದ್ದ ಜಾಗದಲ್ಲೇ ಇರಲಿ ಎಂದೆವು. ಗೋಡೆಯ ಪೆನ್ಸಿಲ್ ಗೀಚನ್ನು ಮೊಮ್ಮಗನೇ ರಬ್ಬರಿನಿಂದ ಉಜ್ಜಿದ. ಮೇಲೆ ನಾವು ಸುಣ್ಣ ಬಳಿದೆವು. ಓದುವ ಮೂಲೆಯನ್ನು ಮುಟ್ಟಲಿಲ್ಲ. ಮನೆ ನೋಡುವವರು ಹೇಳಿಯೇ ಬರಬೇಕು, ಅದೂ ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಎಂದು ಗೊತ್ತುಮಾಡಿದೆವು. ಫೋನಿನಲ್ಲಿ ಮನೆಯ ಫೋಟೋ ತೆಗೆಯುವ ಮುಂಚೆ ಸೊಸೆ ಗೂಟದಲ್ಲಿ ನೇತಾಡುತ್ತಿದ್ದ ಸ್ಕೂಲಿನ ಟೈ, ಬ್ಯಾಡ್ಜು, ಮಕ್ಕಳ ಫೋಟೋ ಎಲ್ಲ ತೆಗೆದಿಟ್ಟಳು. ಊರವರ ಫೋನಿಗೆಲ್ಲ ಹೋಗುವ ಚಿತ್ರದಲ್ಲಿ ಮಕ್ಕಳ ಹೆಸರು, ಸ್ಕೂಲು ಕಾಣಬಾರದು. ಇದನ್ನು ಎಲ್ಲರೂ ನೆನಪಿಡಿ.

ದಾರಂದದ ಗೆರೆಗಳಿಗೆ ನಮ್ಮ ಮನೆಯವಳು ಉಪಾಯ ಮಾಡಿದಳು. ಅಗಲವಾದ ಬಿಳಿ ಲಾಡಿಯನ್ನು ದಾರಂದದ ಉದ್ದಕ್ಕೂ ಹಿಡಿದು, ಒಂದೊಂದು ಗೆರೆಯನ್ನೂ ಪೆನ್ನಿನಿಂದ ಅದಕ್ಕೆ ಇಳಿಸಿ, ಹೆಸರು, ವರ್ಷ ಬರೆದಳು. ಆಮೇಲೆಯೇ ದಾರಂದಕ್ಕೆ ಬಣ್ಣ.

ಇನ್ನು ನನ್ನ ದೊಡ್ಡ ತಪ್ಪಿನ ಕಥೆ. ಹಿಂದಿನ ಕೋಣೆಯ ಒಂದು ಮೂಲೆಯಲ್ಲಿ ಜೋರು ಮಳೆಗೆ ನೀರು ಇಳಿಯುತ್ತಿತ್ತು. ಬ್ರೋಕರ್ ಅಲ್ಲಿಗೆ ಬೀರು ಸರಿಸಿಡಿ ಎಂದ. ನಾನು ಸರಿಸಿದೆ. ಗೊತ್ತಿದ್ದೂ ಸರಿಸಿದೆ.

ಮೂರನೇ ಸಲ ಬಂದವರು ಬೇಗೂರಿನ ಕಡೆಯ ಮೇಷ್ಟ್ರು, ಅವರ ಹೆಂಡತಿ, ಒಬ್ಬಳು ಪುಟ್ಟ ಹುಡುಗಿ. ಮನೆ ತೋರಿಸುವ ಕೆಲಸ ಮೊಮ್ಮಗನದು. ಬಾವಿ ತೋರಿಸಿದ, ನುಗ್ಗೆ ಮರ ತೋರಿಸಿದ, ಹಿಂದಿನ ಕೋಣೆಗೂ ಕರೆದುಕೊಂಡು ಹೋದ. "ಅಂಕಲ್, ಮಳೆ ಬಂದ್ರೆ ಆ ಬೀರು ಹಿಂದೆ ನೀರು ಇಳೀತದೆ. ಅಜ್ಜಿ ಬೋಸಿ ಇಡ್ತಾಳೆ" ಎಂದ.

ಬ್ರೋಕರ್ ನನ್ನ ಮುಖ ನೋಡಿದ. ಹುಡುಗರ ಮಾತು ಬಿಡಿ ಎಂದು ನಗಬಹುದಿತ್ತು. ಹಾಗೆ ಮಾಡಿದ್ದರೆ ಮೊಮ್ಮಗನನ್ನು ಎಲ್ಲರೆದುರು ಸುಳ್ಳುಗಾರ ಮಾಡಿದಂತಾಗುತ್ತಿತ್ತು. "ಹೌದು ಮೇಷ್ಟ್ರೇ, ಅವನು ಹೇಳಿದ್ದು ನಿಜ" ಎಂದು ಬೀರು ಸರಿಸಿ ತೋರಿಸಿದೆ. ಅವರು ಒಬ್ಬ ಗಾರೆಯವರನ್ನು ಕರೆತಂದು ತೋರಿಸಿದರು. ನಾವು ಹೇಳಿದ್ದ ಬೆಲೆಯಲ್ಲಿ 25 ಸಾವಿರ ಕಮ್ಮಿಯಾಯಿತು. ಮನೆಯನ್ನು ಅವರೇ ಕೊಂಡರು.

ರಿಜಿಸ್ಟ್ರೇಷನ್ ದಿನ ಪತ್ರ ಬರೆದ ವಕೀಲರಿಗೆ ಈ ಕಥೆ ಹೇಳಿದೆ. ಅವರು ನಕ್ಕು, "ನಿಮ್ಮ ಮೊಮ್ಮಗನಿಗೆ ಕಾನೂನು ಗೊತ್ತು" ಎಂದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಇದನ್ನೇ ಹೇಳುತ್ತದಂತೆ. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಮಾರುವವರಿಗೆ ಗೊತ್ತಿದ್ದರೆ, ಅದನ್ನು ಅವರೇ ತಿಳಿಸಬೇಕು. ಮನೆಯನ್ನು ಗುಡಿಸಿ, ಸಾರಿಸಿ, ಸುಣ್ಣ ಹೊಡೆದು ಚೆಂದ ಕಾಣಿಸುವುದು ತಪ್ಪಲ್ಲ. ಸೋರುವ ಮೂಲೆಗೆ ಬೀರು ನಿಲ್ಲಿಸುವುದು ತಪ್ಪು. ಈ ವ್ಯತ್ಯಾಸ ಎಪ್ಪತ್ತು ದಾಟಿದ ನನಗಿಂತ ಏಳು ವರ್ಷದವನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಚಾಮರಾಜನಗರದ ಮನೆಯ ಬಾಗಿಲ ಪಕ್ಕದಲ್ಲಿ ಆ ಲಾಡಿ ನೇತಾಡುತ್ತಿದೆ. ಈ ಯುಗಾದಿಗೆ ಮೊಮ್ಮಗ ಅದರ ಪಕ್ಕ ನಿಂತ. ಎರಡು ಬೆರಳು ಉದ್ದವಾಗಿದ್ದಾನೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ: ಅವರು ಬಿಟ್ಟುಬಂದ ಮೊದಲ ಮನೆ ಯಾವುದು? ಅಲ್ಲಿಂದ ಹೊರಡುವಾಗ ಏನನ್ನು ಜೊತೆಗೆ ತಂದರು? ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಗೋಡೆಯ ಮೇಲೆ ಬೇಡ.